ತಮ್ಮ ಬರೆದಿಟ್ಟಿದ್ದ ಅಕ್ವೇರಿಯಂ

ಆ ಗೋಡೆಗೆ ಬೇಡ ಗುರುಗಳೇ, ಈ ಕಡೆ ಅಳೀರಿ. ಅಲ್ಲಿ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತೆ, ನೀರಲ್ಲಿ ಪಾಚಿ ಕಟ್ಟುತ್ತೆ... ನೋಡಿ, ನಿಮಗೇ ಪಾಠ ಹೇಳೋಕೆ ಹೊರಟೆ. ಇದೆಲ್ಲ ತಮ್ಮ ಹೇಳ್ತಿದ್ದಿದ್ದು. ನಿಮ್ಮನ್ನ ಗುರುಗಳು ಅಂತಿದ್ದಿದ್ದೂ ಅವನೇ, ನಿಮ್ಮ ನಿಜವಾದ ಹೆಸರು ಈ ಮನೇಲಿ ಯಾರಿಗೂ ಗೊತ್ತಿಲ್ಲ. ಮೊದಮೊದಲು "ಗುರುಗಳ ಹತ್ರ ಹೋಗಿ ಬರ್ತೀನಿ" ಅಂತ ಹೊರಟ್ರೆ, ಇವನು ಎಲ್ಲಿ ಸನ್ಯಾಸ ತಗೋತಾನೋ ಅಂತ ನಮ್ಮಮ್ಮನಿಗೆ ಗಾಬರಿ. ವಿಚಾರಿಸಿದ್ರೆ ಮೀನಿನ ಅಂಗಡಿ. ನಗಿ, ಪರವಾಗಿಲ್ಲ. ಈ ಕೋಣೇಲಿ ಯಾರಾದ್ರೂ ನಕ್ಕು ವರ್ಷದ ಮೇಲಾಯ್ತು.

ಮೂರಡಿ ಕೂರುತ್ತಾ? ಕೂರುತ್ತೆ ಅಲ್ವಾ? ಅಳತೆ ಎಲ್ಲ ಈ ಹಾಳೇಲಿದೆ. ಮೂರಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ. ಗಾಜು ಹನ್ನೆರಡು ಮಿಲಿಮೀಟರ್. ಸುತ್ತ ಕಟ್ಟು ಇರಬಾರದು, ಮೇಲೆ ಪಟ್ಟಿ ಇರಬಾರದು, ಬರೀ ಗಾಜಿಗೆ ಗಾಜು ಅಂಟಿಸಿರಬೇಕು. ಪಟ್ಟಿ ಬೇಡ ಅನ್ನೋದಕ್ಕೆ ಕೆಳಗೆ ಎರಡು ಗೆರೆ ಎಳೆದಿದಾನೆ ನೋಡಿ. "ಪಟ್ಟಿ ಇದ್ರೆ ಪೆಟ್ಟಿಗೆ ಅಣ್ಣಾ, ಇಲ್ದಿದ್ರೆ ನೀರೇ ಎದ್ದು ನಿಂತ ಹಾಗಿರುತ್ತೆ" ಅಂತಿದ್ದ. ಎಡಕ್ಕೆ ದೊಡ್ಡ ಕಲ್ಲು, ಅದಕ್ಕೆ ಒರಗಿಸಿ ಬೇರಿನ ತುಂಡು, ಮುಂದುಗಡೆ ಹುಲ್ಲಿನ ಹಾಗೆ ಹಬ್ಬೋ ಗಿಡ. ಮೀನು ಕೊನೇಗೆ ಬರೆದಿದಾನೆ, ಅದೂ ಸಣ್ಣ ಅಕ್ಷರದಲ್ಲಿ. ಗಿಡ ಬೇರು ಬಿಡೋ ತನಕ ಎರಡು ತಿಂಗಳು ಮೀನು ಬಿಡೋ ಹಾಗಿಲ್ಲವಂತೆ.

ಹೌದು, ಅವನದೇ ಅಕ್ಷರ. ಗುರುತು ಸಿಕ್ತಾ ನಿಮಗೆ? ನಿಮ್ಮ ಹತ್ರ ಎಷ್ಟು ಸಲ ಇದೇ ಥರ ಹಾಳೆ ಹಿಡ್ಕೊಂಡು ಬಂದಿರ್ತಾನೆ... ಇದು ಅವನ ಬ್ಯಾಗಲ್ಲಿತ್ತು. ಅವನ ಹೆಂಡ್ತಿ ತೆಗೆದು ನನ್ನ ಕೈಗೆ ಕೊಟ್ಲು. "ಭಾವ, ಇದನ್ನ ಮಾಡಿಸೋಣ್ವಾ" ಅಂದ್ಲು. ಅಷ್ಟೇ ಅಂದಿದ್ದು. ಒಂದು ವರ್ಷದಲ್ಲಿ ನನ್ನನ್ನ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಹಳೇ ಟ್ಯಾಂಕಾ? ಅದು... ಅದನ್ನ ಕೊಟ್ಬಿಟ್ಟೆ. ಯಾರಿಗೋ. ಇಲ್ಲ, ಸುಳ್ಳು ಯಾಕೆ, ಒಡೆದು ಹಾಕ್ದೆ. ಹಿತ್ತಿಲಿಗೆ ತಗೊಂಡು ಹೋಗಿ ಸುತ್ತಿಗೇಲಿ. ದುಃಖ ಅಂತ ಎಲ್ರೂ ಅಂದ್ಕೊಂಡ್ರು. ಸ್ಟ್ಯಾಂಡ್ ಮಾತ್ರ ಇದೆ, ಹಿಂದುಗಡೆ. ಕಬ್ಬಿಣದ್ದು. ಅದು ಬೇಡ, ಹೊಸದಕ್ಕೆ ಮರದ್ದು ಮಾಡಿಸೋಣ. ಕಬ್ಬಿಣ ಬೇಡವೇ ಬೇಡ.

ಏನಾಗಿತ್ತು ಅಂತ ಕೇಳ್ತೀರಾ... ಹಾರ್ಟ್ ಅಟ್ಯಾಕ್ ಗುರುಗಳೇ. ನೀವೂ ಬಂದಿದ್ರಲ್ಲ ಅವತ್ತು, ಅಗೋ, ಆ ಬಾಗಿಲ ಹತ್ರಾನೇ ನಿಂತಿದ್ರಿ. ಮೂವತ್ತಾರು ವರ್ಷ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಟ್ಯಾಂಕಲ್ಲಿ ಗಿಡ ಕತ್ತರಿಸ್ತಾ ಇದ್ದ, ಹಾಗೇ ಬಿದ್ದ. ನಾನು ಅಡುಗೆಮನೇಲಿ ಕಾಫಿ ಕುಡೀತಿದ್ದೆ. ಸದ್ದು ಕೇಳಿ ಬಂದೆ.

ಆಸ್ಪತ್ರೇಲಿ ಡಾಕ್ಟ್ರು ಕೇಳಿದ್ರು, ಮೊದಲೇನಾದ್ರೂ ಎದೆನೋವು ಅಂದಿದ್ನಾ ಅಂತ. ತಮ್ಮನ ಹೆಂಡ್ತಿ ಅಂದ್ಲು, "ಹಿಂದಿನ ದಿನ ಊಟ ಆದ್ಮೇಲೆ ಎದೆ ಹಿಡಿದ ಹಾಗಾಗ್ತಿದೆ ಅಂದ್ರು. ಗ್ಯಾಸ್ ಇರ್ಬೇಕು, ಬಿಸಿನೀರು ಕುಡಿದು ಮಲಗಿ ಅಂದೆ." ಅವರು ತಲೆ ಆಡಿಸಿದ್ರು, ಬರ್ಕೊಂಡ್ರು. ಅಲ್ಲಿಗೆ ಮುಗೀತು. ಅವತ್ತಿಂದ ಅವಳಿಗೆ ಅದೊಂದೇ. ಶಾಲೇಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತಿದ್ದವಳು, ಕೆಲಸ ಬಿಟ್ಲು. ಬಂದು ಇಲ್ಲಿ, ಈ ಖಾಲಿ ಗೋಡೆ ಎದುರು ಕೂರ್ತಾಳೆ. "ಗ್ಯಾಸ್ ಅಂದೆನಲ್ಲಾ ಭಾವ. ಆಗಲೇ ಕರ್ಕೊಂಡು ಹೋಗಿದ್ರೆ ಉಳೀತಿದ್ರು ಅಲ್ವಾ ಭಾವ?" ದಿನಾ ಕೇಳ್ತಾಳೆ. ದಿನಾ. ನಾನು... ಹಣೆಬರಹ ಅಮ್ಮ, ಯಾರೇನು ಮಾಡೋಕಾಗುತ್ತೆ ಅಂತೀನಿ. ಅಂದು ಎದ್ದು ಕೆಲಸಕ್ಕೆ ಹೋಗ್ತೀನಿ.

ಯಾವ ಕೆಲಸ ಅಂದ್ರಾ? ತಮ್ಮ ಹೇಳಿಲ್ವಾ ನಿಮಗೆ? ನಾನು ವೈರಿಂಗ್ ಕೆಲಸದವನು. ಇಪ್ಪತ್ತೆಂಟು ವರ್ಷ ಆಯ್ತು. ಈ ಬೀದೀಲಿ ಅರ್ಧ ಮನೆಗಳ ವೈರಿಂಗ್ ನಂದೇ. ಅದಕ್ಕೇ ಕರೆಂಟಿನ ಕಡೆ ನೀವು ತಲೆ ಕೆಡಿಸ್ಕೋಬೇಡಿ. ಪ್ಲಗ್ ಪಾಯಿಂಟ್ ದೀಪಕ್ಕೊಂದು, ಪಂಪಿಗೊಂದು, ನೀರು ಬೆಚ್ಚಗಿಡೋ ಹೀಟರ್‌ಗೊಂದು... ಹೀಟರ್ ಬೇಡ. ಹೀಟರ್ ಇಲ್ದೆ ಬದುಕೋ ಮೀನು ಕೊಡಿ.

ಟ್ರಿಪ್ ಸ್ವಿಚ್ ಇದ್ಯಾ ಅಂತೀರಾ? ಇದೆ ಇದೆ. ನೀರಲ್ಲಿ ಒಂಚೂರು ಕರೆಂಟ್ ಸೋರಿದ್ರೂ ಟಕ್ ಅಂತ ಕೆಳಗೆ ಬಿದ್ದು ಕರೆಂಟ್ ನಿಲ್ಲಿಸುತ್ತೆ. ಅಗೋ ಬೋರ್ಡಲ್ಲಿ. ಬೇಕಾದ್ರೆ ಮುಚ್ಚಳ ತೆಗೆದೇ ನೋಡಿ. ಹೌದು, ಬೋರ್ಡು ಹಳೇದು, ಸ್ವಿಚ್ಚು ಹೊಸದು. ಬದಲಾಯಿಸ್ದೆ, ಹೋದ ವರ್ಷ. ಅದು... ಅದು ತಾರೀಖು. ಹಾಕಿದ ದಿನ ಪೆನ್ಸಿಲಲ್ಲಿ ಬರೆಯೋದು ನಮ್ಮಲ್ಲಿ ಅಭ್ಯಾಸ. ಕೈಗೆ ಬಂದುಬಿಟ್ಟಿದೆ, ಯೋಚನೇನೂ ಮಾಡಲ್ಲ...

ಯಾಕೆ ಹಾಗೆ ನೋಡ್ತೀರಾ?

ಸೋಮವಾರ. ಹೌದು. ಅವನನ್ನ ಕಳಿಸಿಕೊಟ್ಟು ಬಂದ ದಿನ. ಮನೆ ತುಂಬ ನೆಂಟರು. ಏನೋ ಒಂದು ಕೆಲಸ ಹಚ್ಕೊಂಡೆ, ಸುಮ್ನೆ ಕೂರೋಕೆ ಆಗ್ಲಿಲ್ಲ. ಅವನು ನಿಮಗೇನಾದ್ರೂ ಹೇಳಿದ್ನಾ? ಸ್ವಿಚ್ ಪದೇಪದೇ ಬೀಳ್ತಿದೆ ಅಂತ? ಹೇಳಿದ್ನಾ ಗುರುಗಳೇ?

ಆ ತಾರೀಖಿನ ಮೇಲಿಂದ ಬೆರಳು ತೆಗೀರಿ.

ಹೇಳಿರ್ತಾನೆ. ನಿಮ್ಮ ಹತ್ರ ಎಲ್ಲಾ ಹೇಳ್ತಿದ್ದ. ಹೀಟರ್ ಬದಲಾಯಿಸು ಅಂತ ನೀವೇ ಅಂದಿರ್ತೀರಿ. ಅವನು ಬಂದು, ಅಣ್ಣನಿಗೆ ಗೊತ್ತಿರುತ್ತೆ ಅಂತ ನನ್ನ ಕೇಳ್ದ. ಒಂದೇ ದಿನ ಮೂರು ಸಲ ಬಿತ್ತು ಸ್ವಿಚ್ಚು. ನಾನು ಕೆಲಸದಿಂದ ಸುಸ್ತಾಗಿ ಬಂದಿದ್ದೆ. ಈ ಸ್ವಿಚ್ಚಿಗೆ ವಯಸ್ಸಾಯ್ತು ಕಣೋ ಅಂದೆ. ಬಿಚ್ಚಿ, ಒಂದು ತುಂಡು ವೈರ್ ಹಾಕಿ, ಸ್ವಿಚ್ ಇಲ್ದೇನೇ ನೇರ ಕರೆಂಟ್ ಕೊಟ್ಟೆ. ಎರಡು ದಿನ ಇರ್ಲಿ, ಹೊಸದು ತಂದು ಹಾಕ್ತೀನಿ ಅಂದೆ. ಹತ್ತು ದಿನ ಆಯ್ತು. ತರಲಿಲ್ಲ. ಬೇರೆಯವರ ಮನೇಲಿ ಯಾರಾದ್ರೂ ಹಾಗೆ ಮಾಡಿದ್ರೆ ನಾನು ಬಯ್ದು ಬರ್ತಿದ್ದೆ.

ಸ್ವಿಚ್ ಸರಿಯಾಗೇ ಇತ್ತು ಗುರುಗಳೇ. ಹೀಟರ್ ಗಾಜು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ಬಂದು ನೋಡಿದಾಗ ಬಲಗೈ ನೀರಲ್ಲಿತ್ತು, ಎಡಗೈ ಆ ಕಬ್ಬಿಣದ ಸ್ಟ್ಯಾಂಡ್ ಹಿಡಿದಿತ್ತು. ಏನಾಗಿದೆ ಅಂತ ನನಗೆ ಆ ಕ್ಷಣವೇ ಗೊತ್ತಾಯ್ತು. ಮೇನ್ ಆಫ್ ಮಾಡ್ದೆ, ಆಮೇಲೆ ಅವನನ್ನ ಮುಟ್ಟಿದೆ. ಎದೆ ಒತ್ತಿದೆ, ಬಾಯಿಗೆ ಬಾಯಿಟ್ಟು ಊದಿದೆ. ಆಗ್ಲಿಲ್ಲ. ಅವನ ಹೆಂಡ್ತಿ ಮೆಟ್ಟಿಲು ಹತ್ತಿ ಬರೋಷ್ಟರಲ್ಲಿ ಹೀಟರ್ ಕಿತ್ತು ಜೇಬಿಗೆ ಹಾಕ್ಕೊಂಡಿದ್ದೆ. ಯಾಕೆ ಹಾಕ್ಕೊಂಡೆ? ಗೊತ್ತಿಲ್ಲ. ಕೈ ಮಾಡ್ತು. ಅವನ ಎಡಗೈ ಬೆರಳ ತುದೀಲಿ ಒಂದು ಕಪ್ಪು ಚುಕ್ಕೆ ಇತ್ತು, ಸುಟ್ಟಿದ್ದು. ಆಸ್ಪತ್ರೆ ದಾರಿ ಉದ್ದಕ್ಕೂ ಆ ಕೈ ಹಿಡ್ಕೊಂಡೇ ಕೂತಿದ್ದೆ, ಬೆರಳು ಮಡಚಿ. ಅಣ್ಣನಿಗೆ ಎಷ್ಟು ಪ್ರೀತಿ ಅಂದ್ರು ಜನ.

ಹೇಳ್ಬೇಕು ಅಂತಾನೇ ಇದ್ದೆ. ಡಾಕ್ಟ್ರು ಕೇಳಿದಾಗ ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವಳು ಎದೆನೋವು ಅಂದುಬಿಟ್ಲು. ಬಚಾವಾದೆ ಅನ್ನಿಸ್ತು ಗುರುಗಳೇ. ತಮ್ಮ ಸ್ಟ್ರೆಚರ್ ಮೇಲಿದ್ದಾನೆ, ನನಗೆ ಬಚಾವಾದೆ ಅನ್ನಿಸ್ತು. ಆಮೇಲೆ ನಾಳೆ ಹೇಳೋಣ, ನಾಡಿದ್ದು ಹೇಳೋಣ... ಅವಳು ಸೊರಗ್ತಾ ಹೋದ್ಲು, ನಾನು ನೋಡ್ತಾ ಕೂತೆ. ಈ ಟ್ಯಾಂಕ್ ಮಾಡಿಸಿಕೊಟ್ರೆ ಸ್ವಲ್ಪ ಸರಿಹೋಗ್ತಾಳೆ ಅಂತ...

ಟೇಪ್ ಯಾಕೆ ಸುತ್ತುತಾ ಇದ್ದೀರಿ? ಮಾಡಿಕೊಡಲ್ವಾ? ಬಯ್ಯಿರಿ ಬೇಕಾದ್ರೆ. ಪೊಲೀಸರಿಗೆ ಹೇಳಿ. ಇಲ್ಲ... ಅವರಿಗಲ್ಲ ನೀವು ಹೇಳೋದು. ನೀವು ಬಾಗಿಲ ಕಡೆ ನೋಡ್ತಿದ್ದೀರಿ.

ಅವಳೇ. ಕೆಳಗೆ ಗೇಟ್ ಸದ್ದಾಯ್ತು. ತರಕಾರಿ ತರೋಕೆ ಹೋಗಿದ್ಲು. ನೀವು ಬರ್ತೀರಿ ಅಂತ ಬೆಳಿಗ್ಗೆಯಿಂದ ಈ ಕೋಣೆ ಎರಡು ಸಲ ಒರೆಸಿದಾಳೆ. ತಲೆ ಬಾಚ್ಕೊಂಡಿದಾಳೆ, ಎಷ್ಟೋ ದಿನ ಆದ್ಮೇಲೆ.

ಬೇಡ, ನೀವು ಹೇಳ್ಬೇಡಿ. ಕೈ ಮುಗೀತೀನಿ, ನೀವು ಹೇಳ್ಬೇಡಿ. ಹೋಗಲೂಬೇಡಿ. ಇಲ್ಲೇ ಇರಿ, ಹೀಗೇ ಸುಮ್ನೆ ನಿಂತಿರಿ ಸಾಕು. ನೀವು ಹೋದ್ರೆ ನಾನು ಮತ್ತೆ ಗಾಜು, ಕಲ್ಲು, ಗಿಡ ಅಂತ ಏನೋ ಮಾತಾಡಿಬಿಡ್ತೀನಿ.

ಬಾಮ್ಮ. ಹೂಂ, ಗುರುಗಳು ಬಂದಿದಾರೆ. ಚೀಲ ಅಲ್ಲೇ ಇಡು. ಅಳತೆ ಆಮೇಲೆ ನೋಡೋಣ, ಮೊದಲು ಕೂತ್ಕೋ. ಇಲ್ಲ, ಏನೂ ತರಬೇಡ, ಕೂತ್ಕೋ... ನಾನು ಒಂದು ಮಾತು ಹೇಳ್ಬೇಕು. ಅವನ ಎದೆಗೆ ಏನೂ ಆಗಿರಲಿಲ್ಲಮ್ಮ.