ರ ಇಲ್ಲದ ಭಾಷೆ

ಬೈಲಹೊಂಗಲದಲ್ಲಿ ದೊಡವಾಡದ ಬಸ್ಸಿಗೆ ಕಾಯುತ್ತಿದ್ದ ಮೃಣಾಲಿನಿ ಪಕ್ಕದವರ ಮಾತು ಕೇಳಬಾರದಿತ್ತು. ಆದರೆ ಬಸ್‌ ಸ್ಟ್ಯಾಂಡಿನ ಬೆಂಚಿಗೆ ಬಾಗಿಲು ಎಲ್ಲಿಯದು? ಒಂದು ತುದಿಗೆ ನೋಟ್‌ಬುಕ್ಕು ಹಿಡಿದ ಮಗಳು, ಇನ್ನೊಂದು ತುದಿಗೆ ಅಪ್ಪ, ನಡುವೆ ಲಕ್ವಾ ಹೊಡೆದು ಮಾತು ಕಳೆದುಕೊಂಡ ತಾಯಿ.

"ಅವ್ವಗ ಬರೂವು ಪ, ಬ, ಮ, ಅಷ್ಟ. ಇದರಾಗ ನಮ್ಮದೊಂದು ಹೊಸಾ ಭಾಷಾ ಮಾಡೂಣು. ಪಾ ಅಂದ್ರ ನೀರು. ಮಾ ಅಂದ್ರ ಊಟ."

"ಬ್ಯಾನಿ ಆದ್ರ?"

"ಪಪ."

"ಒಂದು ರ ಹಾಕು, ಶೈಲಾ."

"ರ ಬರಂಗಿಲ್ಲಪಾ. ಅನ್ನು ಅಂದ್ರ ಅಳತಾಳ."

"ಒಂದ ಒಂದು."

"ಯಾಕ?"

ಅಪ್ಪ ಟೋಪಿ ತೆಗೆದು ಮತ್ತೆ ಇಟ್ಟುಕೊಂಡ.

"ನಿಮ್ಮವ್ವ ನನ್ನ ಹೆಸರ ಹೇಳಂಗಿಲ್ಲ. ಮೂವತ್ತು ವರ್ಷ 'ರೀ' ಅಂತನ ಕರದಾಳ. ನಾಳೆ ಬಚ್ಚಲದಾಗ ಜಾರಿ ಬಿದ್ರ ನನ್ನ ಹೆಂಗ ಕರೀಬೇಕು?"

"ಅಪ್ಪಾ ಅನ್ನಲಿ."

"ಏ ಹುಚ್ಚಿ, ನಾ ಅಕಿಗೂ ಅಪ್ಪ ಏನು?"



ಅಷ್ಟರಲ್ಲಿ ಅವರ ನೇಸರಗಿ ಬಸ್ಸು ಬಂತು. ಮಗಳು ತಾಯಿಯನ್ನು ಹಿಡಿದು ನಡೆಸಿದಳು. ಅಪ್ಪ ಚೀಲ ಎತ್ತಿಕೊಳ್ಳುವಷ್ಟರಲ್ಲಿ ಜನ ನಡುವೆ ನುಗ್ಗಿದರು. ಮೆಟ್ಟಿಲ ಹತ್ತಿರ ತಾಯಿ ತಿರುಗಿ, ಅವನನ್ನು ಹುಡುಕಿ, ಕಷ್ಟಪಟ್ಟು ತುಟಿ ಕೂಡಿಸಿದಳು.

"ಬಾ!"

ಮಗಳು ಬೆಚ್ಚಿದಳು. ಅವ್ವ ಗಂಡನಿಗೆ ಬರ್ರಿ ಅನ್ನದೆ ಬಾ ಅಂದದ್ದು ಇದೇ ಮೊದಲು.

"ಬಂದೆ, ಬಂದೆ!" ಅಪ್ಪ ಜನರನ್ನು ಸರಿಸುತ್ತ ಕೂಗಿದ. "ಶೈಲಾ, ಬರಕೋ. ಬಾ ಅಂದ್ರ ನಾ."