ಬಿಳಿಗೆ ಹಾಕಿದ ನೀಲಿ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ನಮ್ಮ ಬೀದಿಯ ಲಾಂಡ್ರಿಯ ಮುದುಕರು, ಅವರ ಮಗಳು. ಮುದುಕರ ಒಂದು ಕಣ್ಣಿನ ಪೊರೆ ತೆಗೆದು, ಆಗಷ್ಟೇ ಪಟ್ಟಿ ಬಿಚ್ಚಿದ್ದರು.

"ಈ ಗೋಡೆ ಇಷ್ಟು ಬೆಳ್ಳಗಿದೆಯೇನೇ?"

"ಹೂಂ ಅಪ್ಪ."

"ಹಳೇ ಕಣ್ಣಲ್ಲಿ ನೋಡಿದ್ರೆ ಹಳದಿ."

"ಅದಕ್ಕೇ ನೀನು ಬಿಳಿ ಬಟ್ಟೆಗೆಲ್ಲ ಅಷ್ಟೊಂದು ನೀಲಿ ಸುರೀತಿದ್ದೆ. ಗಿರಾಕಿಗಳು ಬೈಕೊಂಡು ಹೋಗೋರು."

ಮುದುಕರು ನಗಲಿಲ್ಲ.

"ನಿಮ್ಮಮ್ಮ ಒಂದಿನ ಕೇಳಿದ್ಲು, 'ನನ್ನ ಕಣ್ಣು ಹಳದಿಯಾಗಿದೆಯಾ ನೋಡ್ರೀ' ಅಂತ."

"ನೀನೇನಂದೆ?"

"ಬಾಗಿಲ ಬೆಳಕಿಗೆ ಕರ್ಕೊಂಡು ಹೋಗಿ ನೋಡ್ದೆ. ಆಗ ಎಲ್ಲಾ ಬಿಳಿಯೂ ನಂಗೆ ಹಾಗೇ ಕಾಣ್ತಿತ್ತಲ್ಲ. ಏನೂ ಆಗಿಲ್ಲ, ಬೆಳ್ಳಗೇ ಇದೆ ಅಂದೆ."

"ಅಮ್ಮ ಹೋಗಿದ್ದು ಕಾಮಾಲೆಯಿಂದ, ನಿನ್ನಿಂದಲ್ಲಪ್ಪ."

"ನನ್ನ ಮಾತು ನಂಬಿ ಡಾಕ್ಟರ ಹತ್ರ ಹೋಗ್ಲಿಲ್ಲ ಕಣೇ. 'ಬಿಳಿ ನೋಡೋದೇ ನಿಮ್ಮ ಕಸುಬಲ್ವಾ' ಅಂದ್ಲು."

ನರ್ಸ್ ಕರೆದರು. ಮಗಳು ಅವರ ಕೈ ಹಿಡಿದು ಎಬ್ಬಿಸಿದಳು.