ಸ್ಪ್ಯಾನಿಷ್‌ನಲ್ಲೊಂದು ಒಡಪು

ಎಂಬತ್ನಾಲ್ಕರ ಬೇಸಿಗೆ. ಸಂಶಿಯ ಬಸ್ ಸ್ಟ್ಯಾಂಡಿನಲ್ಲಿ ಮೆಣಸಿನಕಾಯಿ ಚೀಲದ ಮೇಲೆ ಕುಂತಿದ್ದ ಮಡಿವಾಳೆಪ್ಪನ ಬೆನ್ನ ಹಿಂದೆ, ಮಿಶನ್ ದವಾಖಾನೆಯ ಅಡುಗೆಯಾಕೆ ಕಸ್ತೂರೆವ್ವನನ್ನು ಗೆಳತಿ ನೀಲಕ್ಕ ಜಾಡಿಸುತ್ತಿದ್ದಳು.

"ಸಿಸ್ಟರು ಸ್ಪೇನ್ ದೇಶಕ್ಕ ಅಡಗಿಗೆ ಕರಕೊಂಡ ಹೋಗತಾರಂತ ಎರಡ ವರ್ಷ ಅವರ ಭಾಷಾ ಕಲತಿ. ಪರೀಕ್ಷಾದಾಗ ಯಾಕ ಬಾಯಿ ಮುಚ್ಚಿದಿ?"

"ಎಲ್ಲಾ ಹೇಳಿದ್ನೆವ್ವಾ. ಊರು, ವಯಸ್ಸು, ಸಾರು ಮಾಡೂದು ಸೈತ. ಆಮ್ಯಾಲೆ ದೊಡ್ಡ ಸಿಸ್ಟರು ಗಂಡನ ಹೆಸರ ಕೇಳಿದ್ರು."

"ಹೇಳಬೇಕಿಲ್ಲೋ?"

"ಗಂಡನ ಹೆಸರ ಬಾಯಿಲೆ ಹೆಂಗ ಹೇಳಲಿಬೇ?"

"ಕನ್ನಡದಾಗ ಬ್ಯಾಡ, ಸ್ಪ್ಯಾನಿಷದಾಗ ಹೇಳು."

"ಯಾವ ಭಾಷಾದಾಗ ಹೇಳಿದ್ರೂ ಅವರ ಹೆಸರು ಅದ ಅಲ್ಲ?"

"ಎಂಟ ವರ್ಷ ಆತು, ದೇವಿಕೊಪ್ಪದಾಗ ಇನ್ನೊಬ್ಬಾಕಿನ್ನ ಇಟಗೊಂಡು ಕುಂತಾನ. ಅವ ನಿನ್ನ ಹೆಸರ ತಗೀತಾನೇನು?"

"ಅವರು ತಗೀದಿದ್ರ ನಾ ಪದ್ಧತಿ ಬಿಡ್ಲೇನು?"

ಕೇಳಿಸಿಕೊಳ್ಳುತ್ತಿದ್ದ ಮಡಿವಾಳೆಪ್ಪನಿಗೆ ಆ ಕಾಣದ ಗಂಡನ ಮೇಲೆ ಸಿಟ್ಟು ನೆತ್ತಿಗೇರಿತು. ಸೇದುತ್ತಿದ್ದ ಬೀಡಿಯನ್ನು ಕಾಲಲ್ಲಿ ಹೊಸಕಿದ.

"ನಾಳೆ ಮತ್ತ ಕೇಳತಾರ. ಹೇಳಲಿಲ್ಲಂದ್ರ ಬ್ಯಾರೆ ಯಾರನ್ನರ ಕರಕೊಂಡ ಹೋಗತಾರ, ನೋಡ್ಕೋ."

"ಅದಕ್ಕ ಒಡಪ ಕಟ್ಟಾಕತ್ತೇನಿ. ಮದುವ್ಯಾಗ ಒಡಪಿನ್ಯಾಗ ಸೇರಿಸಿ ಗಂಡನ ಹೆಸರ ಹೇಳಿದ್ವಿಲ್ಲ, ಹಂಗ, ಅವರ ಭಾಷಾದಾಗ. ಕುಂಕುಮಕ್ಕ ಒಂದ ಶಬ್ದ ಸಿಗವಲ್ದು."

"ಆ ದೇಶದಾಗ ಕುಂಕುಮ ಎಲ್ಲಿ ಐತಿ, ಹುಚ್ಚಿ? ಇನ್ನ ಅವನ ಹೆಸರ ಎದಕ್ಕ ಹಚ್ಚತಿ?"

ಅಷ್ಟರಲ್ಲಿ ಕುಂದಗೋಳದ ಬಸ್ ಬಂತು. ಸೆರಗು ಹೊದ್ದು ಹತ್ತಿದ ಕಸ್ತೂರೆವ್ವನ ಕಣ್ಣು ಮಡಿವಾಳೆಪ್ಪನ ಚೀಲದ ಮೇಲೆ ಬಿತ್ತು. ಬಸ್ ಹೊರಡುತ್ತಿದ್ದಂತೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು:

"ಮೆಣಸಿನಕಾಯಿಗೆ ಹಚ್ಚತೀನಿ ತಗೋ ನೀಲಕ್ಕಾ! ಆ ಶಬ್ದ ನನಗ ಬರತೈತಿ."